ಗಣಿತದ ಡಾಕ್ಟರ್, ಸುಲವೇಸಿಯ ಗವರ್ನರ್

ಇಂಡೋನೇಷ್ಯಾಗೆ ಟೂರ್ ಹೋಗಿ ಬಂದವರು ಯಾರಾದ್ರೂ ನಿಮ್ಮ ಮನೇಲಿದ್ರೆ, ಅವರ ಪರ್ಸ್‌ನಲ್ಲಿ ಉಳಿದಿರೋ ನೋಟುಗಳನ್ನ ಒಮ್ಮೆ ನೋಡಿ. ಹಸಿರು ಬಣ್ಣದ 20,000 ರುಪಿಯಾ ನೋಟು ಸಿಕ್ಕರೆ, 2016 ರ ನಂತರ ಅಚ್ಚಾಗಿದ್ದಾದರೆ, ಅದರ ಮೇಲಿರೋ ಮುಖ ಜಿ.ಎಸ್.ಎಸ್.ಜೆ. ರಾತುಲಾಂಗಿ ಅವರದ್ದು. ಇಷ್ಟೊಂದು ಇನಿಶಿಯಲ್ ಯಾಕೆ ಅಂದ್ರೆ, ಪೂರ್ತಿ ಹೆಸರು ಗೆರುಂಗಾನ್ ಸಾಲ್ ಸ್ಯಾಮ್ಯುಯೆಲ್ ಜೇಕಬ್ ರಾತುಲಾಂಗಿ. ಅಲ್ಲಿನ ಜನ ಚಿಕ್ಕದಾಗಿ ಸ್ಯಾಮ್ ರಾತುಲಾಂಗಿ ಅಂತಾರೆ.

ನಮ್ಮಂಥ ಇಂಜಿನಿಯರಿಂಗ್ ಸ್ಟೂಡೆಂಟ್ಸ್‌ಗೆ ಇವರ ಕಥೆ ಇಷ್ಟ ಆಗೋಕೆ ಒಂದು ಕಾರಣ ಇದೆ. ಇವರು ಟೆಕ್ನಿಕಲ್ ಸ್ಕೂಲಿನಲ್ಲಿ ಓದಿ ರೈಲ್ವೆ ಹಳಿ ಹಾಕೋ ಕೆಲಸದಲ್ಲಿದ್ದವರು. ಆಮೇಲೆ ಯೂರೋಪಿಗೆ ಹೋಗಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಅಷ್ಟೆಲ್ಲ ಓದಿ ಕೊನೆಗೆ ತಮ್ಮ ಊರಿನ ಒಂದು ಪ್ರಾಂತೀಯ ಮಂಡಳಿಯಲ್ಲಿ ಫೈಲ್ ನೋಡೋ ಸೆಕ್ರೆಟರಿ ಆದರು. ಅಲ್ಲಿಂದ ರಾಜಕೀಯಕ್ಕೆ ಬಂದರು. ತಮ್ಮ ಪ್ರದೇಶದ ಹೆಸರಿನಲ್ಲೇ ಪಕ್ಷ ಕಟ್ಟಿದರು. ಆದರೆ ಆ ಇಡೀ ಭಾಗಕ್ಕೆ ಬೇರೆ ರಾಜ್ಯವನ್ನೇ ಮಾಡಿಕೊಡ್ತೀವಿ ಅಂತ ಆಳುವವರು ಮುಂದೆ ಬಂದಾಗ ಇವರು ಅವರ ಕಡೆ ನಿಲ್ಲಲಿಲ್ಲ, ದ್ವೀಪವೊಂದಕ್ಕೆ ಗಡಿಪಾರಾಗಿ ಹೋದರು. ಸ್ವಂತ ಊರನ್ನ ಅಷ್ಟು ಪ್ರೀತಿಸೋ ಮನುಷ್ಯ ಹೀಗೆ ಯಾಕೆ ಮಾಡಿದ? ಈ ಲೇಖನ ಅದರ ಬಗ್ಗೆ.

ಕೆರೆಯ ದಡದ ಊರು

ಇಂಡೋನೇಷ್ಯಾ ಮ್ಯಾಪ್ ತೆಗೆದರೆ ಸುಲವೇಸಿ ದ್ವೀಪ ತಕ್ಷಣ ಕಣ್ಣಿಗೆ ಬೀಳುತ್ತೆ. ಯಾರೋ ಅರ್ಜೆಂಟ್‌ನಲ್ಲಿ ಗೀಚಿದ ಇಂಗ್ಲಿಷಿನ ಕೆ ಅಕ್ಷರದ ಹಾಗಿದೆ. ಅದರ ಮೇಲಿನ ಉದ್ದನೆಯ ತೋಳಿನ ಕೊನೆಯಲ್ಲಿ ಮಿನಾಹಾಸಾ ಅನ್ನೋ ಪ್ರದೇಶ. ಅಲ್ಲಿ ಬೆಟ್ಟಗಳ ನಡುವೆ ತೊಂಡಾನೊ ಅನ್ನೋ ದೊಡ್ಡ ಸರೋವರ, ಅದರ ಪಕ್ಕದಲ್ಲೇ ಅದೇ ಹೆಸರಿನ ಊರು. 5 ನವೆಂಬರ್ 1890 ರಂದು ಸ್ಯಾಮ್ ಹುಟ್ಟಿದ್ದು ಅಲ್ಲಿ. ತಂದೆ ಜೋಝಿಯಾಸ್ ರಾತುಲಾಂಗಿ, ತಾಯಿ ಆಗುಸ್ಟಿನಾ ಗೆರುಂಗಾನ್. ತಂದೆ ಸ್ಕೂಲ್ ಮೇಷ್ಟ್ರು. ಆ ಕಾಲಕ್ಕೇ ಹಾಲೆಂಡಿಗೆ ಹೋಗಿ ಶಿಕ್ಷಕರ ತರಬೇತಿ ಪಡೆದು ಬಂದವರು.

ಆಗ ಇಂಡೋನೇಷ್ಯಾ ಅನ್ನೋ ದೇಶ ಇರಲಿಲ್ಲ. ಡಚ್ಚರು ಆಳುತ್ತಿದ್ದ ಈ ದ್ವೀಪಗಳಿಗೆ ನೆದರ್ಲೆಂಡ್ಸ್ ಇಂಡೀಸ್ ಅಂತ ಹೆಸರು. ಅದರಲ್ಲಿ ಮಿನಾಹಾಸಾದ ಸ್ಥಿತಿ ಸ್ವಲ್ಪ ವಿಚಿತ್ರ. 1831 ರಿಂದ ಮಿಷನರಿಗಳು ಬಂದು ಶಾಲೆಗಳನ್ನ ತೆರೆದಿದ್ದರಿಂದ ಓದು ಬರಹ ಬಲ್ಲವರು ಬೇರೆ ಕಡೆಗಿಂತ ಜಾಸ್ತಿ. ಬಹುಪಾಲು ಜನ ಕ್ರೈಸ್ತರಾಗಿದ್ದರು. ಡಚ್ ವಸಾಹತು ಸೈನ್ಯಕ್ಕೆ ಇಲ್ಲಿಂದ ತುಂಬಾ ಹುಡುಗರು ಸೇರುತ್ತಿದ್ದರು, ಸರ್ಕಾರಿ ಆಫೀಸುಗಳಲ್ಲಿ ಗುಮಾಸ್ತರಾಗಿ ಇನ್ನೂ ತುಂಬಾ ಜನ. ಮಿನಾಹಾಸಾ ಅಂದ್ರೆ ಹಾಲೆಂಡಿನ ಹನ್ನೆರಡನೇ ಪ್ರಾಂತ್ಯ ಅಂತ ಹೇಳಿಕೊಳ್ಳುವವರೂ ಇದ್ದರು. ಹಾಲೆಂಡಿನಲ್ಲಿ ಆಗ ಇದ್ದದ್ದು ಹನ್ನೊಂದು ಪ್ರಾಂತ್ಯ. ಅಂದ್ರೆ ಇವರು ಆಳುವವರಿಗೆ ಹತ್ತಿರದವರು ಅನ್ನೋ ಭಾವನೆ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ರೈಲ್ವೆ ಕೆಲಸ, ಎರಡು ಥರದ ಸಂಬಳ

ಸ್ಯಾಮ್ ಮೊದಲು ಓದಿದ್ದು ತೊಂಡಾನೊದಲ್ಲೇ. 1904 ರಲ್ಲಿ ಜಾವಾ ದ್ವೀಪಕ್ಕೆ ಹೋದ. ಮನೆಯವರ ಲೆಕ್ಕದಲ್ಲಿ ಅವನು ಡಾಕ್ಟರ್ ಆಗಬೇಕಿತ್ತು. ಸ್ಥಳೀಯರನ್ನ ವೈದ್ಯರನ್ನಾಗಿ ಮಾಡೋ ಸರ್ಕಾರಿ ಶಾಲೆಯಲ್ಲಿ ಸೀಟು, ಸ್ಕಾಲರ್‌ಶಿಪ್ ಎರಡೂ ಸಿಗುವಂತಿತ್ತು. ಹುಡುಗ ಅದನ್ನ ಬಿಟ್ಟು ಬಟಾವಿಯಾದ, ಅಂದ್ರೆ ಇವತ್ತಿನ ಜಕಾರ್ತಾದ, ಕೊನಿಂಗಿನ್ ವಿಲ್ಹೆಲ್ಮಿನಾ ಟೆಕ್ನಿಕಲ್ ಸ್ಕೂಲ್ ಸೇರಿದ. ಮನೆಯವರು ಮೆಡಿಕಲ್ ಅಂದಾಗ ಟೆಕ್ನಿಕಲ್ ಕಡೆ ಬಂದವರು ನಮ್ಮ ಕ್ಲಾಸಲ್ಲೂ ಎಷ್ಟು ಜನ ಇಲ್ಲ ಹೇಳಿ!

1908 ರಲ್ಲಿ ಪಾಸ್ ಆಗಿ, ಪಶ್ಚಿಮ ಜಾವಾದ ದಕ್ಷಿಣ ಪ್ರಿಯಾಂಗಾನ್ ಭಾಗದಲ್ಲಿ ಹೊಸ ರೈಲ್ವೆ ಹಳಿಯ ಕೆಲಸಕ್ಕೆ ಸೇರಿದ. ಕೆಲಸ ಕಷ್ಟದ್ದೇ, ಆದರೆ ಅವನನ್ನ ಚುಚ್ಚಿದ್ದು ಕೆಲಸ ಅಲ್ಲ. ಅದೇ ಶಾಲೆಯ ಅದೇ ಸರ್ಟಿಫಿಕೇಟ್ ಇಟ್ಟುಕೊಂಡು ಪಕ್ಕದಲ್ಲೇ ಕೆಲಸ ಮಾಡ್ತಿದ್ದ ಡಚ್ ಮಿಶ್ರ ರಕ್ತದ ಹುಡುಗರಿಗೆ ಸಂಬಳ ಹೆಚ್ಚು, ಉಳಿಯೋ ಜಾಗವೂ ಒಳ್ಳೇದು. ಇವನಿಗೆ ಎರಡರಲ್ಲೂ ಕಡಿಮೆ. ಕಾರಣ ಮಾರ್ಕ್ಸ್ ಅಲ್ಲ, ಅನುಭವ ಅಲ್ಲ, ಹುಟ್ಟು. ವಸಾಹತು ಸರ್ಕಾರದಲ್ಲಿ ಇದು ಯಾರೋ ಒಬ್ಬ ಕೆಟ್ಟ ಆಫೀಸರ್ ಮಾಡಿದ್ದಲ್ಲ, ಅಲ್ಲಿನ ಪದ್ಧತಿಯೇ ಹಾಗೆ. ಜನರನ್ನ ಯೂರೋಪಿಯನ್ನರು, ಹೊರಗಿಂದ ಬಂದ ಏಷ್ಯಾದವರು, ಸ್ಥಳೀಯರು ಅಂತ ಕಾನೂನಿನಲ್ಲೇ ಬೇರೆ ಬೇರೆ ಮಾಡಿ ಇಟ್ಟಿದ್ದರು.

ಹದಿನೆಂಟು ಹತ್ತೊಂಬತ್ತರ ವಯಸ್ಸಲ್ಲಿ, ಅಂದ್ರೆ ನಮ್ಮ ವಯಸ್ಸಲ್ಲೇ, ಈ ಪಾಠ ಸಿಕ್ಕಿತು. ಮುಂದೆ ಮಂಡಳಿಗಳಲ್ಲಿ ಕೂತಾಗ ಅವರು ಮತ್ತೆ ಮತ್ತೆ ಎತ್ತಿದ ಪ್ರಶ್ನೆಗಳಲ್ಲಿ ಇದೂ ಒಂದು: ಒಂದೇ ಕೆಲಸಕ್ಕೆ ಎರಡು ಸಂಬಳ ಯಾಕೆ?

ಆಮ್‌ಸ್ಟರ್‌ಡ್ಯಾಮ್ ಬಾಗಿಲು ಮುಚ್ಚಿತು

1911 ರಲ್ಲಿ ತಾಯಿ ತೀರಿಕೊಂಡರು. ಊರಿಗೆ ಹೋಗಿದ್ದ ಸ್ಯಾಮ್, ಆಸ್ತಿಯಲ್ಲಿ ತನ್ನ ಪಾಲಿಗೆ ಬಂದಿದ್ದನ್ನ ಓದಿಗೆ ಹಾಕೋದು ಅಂತ ತೀರ್ಮಾನ ಮಾಡಿ ಹಾಲೆಂಡಿಗೆ ಹೊರಟ. ಅಲ್ಲಿ ಗಣಿತ ಕಲಿಸೋ ಮಾಧ್ಯಮಿಕ ಶಿಕ್ಷಕರ ಪದವಿ ಪಡೆದರು. ಆಮೇಲೆ ಆಮ್‌ಸ್ಟರ್‌ಡ್ಯಾಮಿನ ಫ್ರೀ ಯೂನಿವರ್ಸಿಟಿಯಲ್ಲಿ ಮುಂದೆ ಓದೋಕೆ ಹೋದರು. ಎರಡು ವರ್ಷ ಓದಿದ್ದೂ ಆಯ್ತು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅನ್ನೋ ಹಾಗೆ ಆಯ್ತು. ಡಾಕ್ಟರೇಟ್ ಪರೀಕ್ಷೆಗೆ ಕೂರಬೇಕಂದ್ರೆ ಡಚ್ ಹೈಸ್ಕೂಲಿನ ಒಂದು ನಿರ್ದಿಷ್ಟ ಸರ್ಟಿಫಿಕೇಟ್ ಇರಬೇಕಿತ್ತು. ಇಂಡೀಸ್‌ನ ಟೆಕ್ನಿಕಲ್ ಶಾಲೆಯಲ್ಲಿ ಓದಿದವರ ಹತ್ತಿರ ಅದು ಎಲ್ಲಿಂದ ಬರಬೇಕು? ತಲೆ ಇದೆ, ಮಾರ್ಕ್ಸ್ ಇದೆ, ಕಾಗದ ಇಲ್ಲ. ಆಗ ಇಂಡೀಸ್‌ನಲ್ಲಿ ಶಿಕ್ಷಣ ಇಲಾಖೆ ನೋಡಿಕೊಂಡಿದ್ದ, ಸ್ಥಳೀಯರ ಓದಿನ ಪರವಾಗಿದ್ದ ಅಬೆಂಡಾನೊನ್ ಅನ್ನುವವರು ಸ್ವಿಟ್ಜರ್ಲೆಂಡಿಗೆ ಹೋಗಿ ಅಂತ ದಾರಿ ತೋರಿಸಿದರು. ಜ್ಯೂರಿಕ್ ಯೂನಿವರ್ಸಿಟಿಗೆ ಆ ಸರ್ಟಿಫಿಕೇಟ್ ಬೇಕಿರಲಿಲ್ಲ. ಮೊದಲ ಮಹಾಯುದ್ಧ ಯೂರೋಪನ್ನ ಸುಡ್ತಿದ್ದಾಗ ಅಲ್ಲಿ ಕೂತು ಓದಿ, 1919 ರಲ್ಲಿ ಡಾಕ್ಟರೇಟ್ ಪಡೆದರು. ಗಣಿತ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಇಂಡೋನೇಷ್ಯನ್ ಅಂತ ಇವತ್ತಿಗೂ ಅವರನ್ನ ಗುರುತಿಸ್ತಾರೆ.

ಹಾಲೆಂಡಿನಲ್ಲಿದ್ದಾಗ ಅವರು ಬರೀ ಲೆಕ್ಕ ಮಾಡಿಕೊಂಡು ಕೂತಿರಲಿಲ್ಲ. ಅಲ್ಲಿ ಓದ್ತಿದ್ದ ಇಂಡೀಸ್ ಹುಡುಗರ ಸಂಘಕ್ಕೆ 1914 ರ ಹೊತ್ತಿಗೆ ಅಧ್ಯಕ್ಷರಾದರು. ಶುರುವಿನಲ್ಲಿ ಅದು ಸೇರಿ ಊಟ ಮಾಡೋ, ಮಾತಾಡೋ ಸಂಘ. ಕೆಲವು ವರ್ಷಗಳ ನಂತರ ಅದೇ ಸಂಘ ತನ್ನ ಹೆಸರಿನಲ್ಲಿ ಇಂಡೋನೇಷ್ಯಾ ಅನ್ನೋ ಪದ ಸೇರಿಸಿಕೊಂಡು ಪೂರ್ಣ ಸ್ವಾತಂತ್ರ್ಯ ಬೇಕು ಅಂತ ಕೇಳಿತು. ಮುಂದೆ ದೇಶದ ಉಪಾಧ್ಯಕ್ಷರಾದ ಮೊಹಮ್ಮದ್ ಹಟ್ಟಾ ಅದೇ ಸಂಘದಿಂದ ಬಂದವರು. ಕಾಲೇಜಿನ ಸಂಘಗಳಿಂದ ಏನಾಗುತ್ತೆ ಅಂತ ಕೇಳುವವರಿಗೆ ಇದು ಹೇಳಬಹುದಾದ ಉತ್ತರ.

ಮೇಷ್ಟ್ರು, ಇನ್ಶೂರೆನ್ಸ್, ಆಮೇಲೆ ಸೆಕ್ರೆಟರಿ

1919 ರಲ್ಲಿ ವಾಪಸ್ ಬಂದ ಡಾಕ್ಟರ್ ರಾತುಲಾಂಗಿ, ಯೋಗ್ಯಕರ್ತಾದ ಟೆಕ್ನಿಕಲ್ ಸ್ಕೂಲಿನಲ್ಲಿ ಗಣಿತ, ವಿಜ್ಞಾನ ಕಲಿಸೋ ಸರ್ಕಾರಿ ಮೇಷ್ಟ್ರಾದರು. ಮೂರು ವರ್ಷ ಕಲಿಸಿ ಬಾಂಡುಂಗ್‌ಗೆ ಹೋದರು. ಅಲ್ಲಿ ಮಿನಾಹಾಸಾದವರೇ ಆದ ಡಾಕ್ಟರ್ ತುಂಬೆಲಾಕಾ ಜೊತೆ ಒಂದು ಇನ್ಶೂರೆನ್ಸ್ ಕಂಪನಿ ಶುರು ಮಾಡಿದರು. ಇನ್ಶೂರೆನ್ಸ್ ಅಂದ್ರೆ ಸಂಭವನೀಯತೆಯ ಗಣಿತ ಅಲ್ವಾ, ಅವರಿಗೆ ತೀರಾ ದೂರದ ವಿಷಯ ಏನಲ್ಲ. ಮುಖ್ಯ ಏನಂದ್ರೆ ಕಂಪನಿಯ ಹೆಸರು: ಅಶುರಾನ್ಸಿ ಮಾಟ್‌ಸ್ಖಾಪೈ ಇಂಡೋನೇಷ್ಯಾ. ಸರ್ಕಾರದ ಕಾಗದಗಳಲ್ಲೆಲ್ಲ ನೆದರ್ಲೆಂಡ್ಸ್ ಇಂಡೀಸ್ ಅಂತ ಇದ್ದ ಕಾಲದಲ್ಲಿ, ಇನ್ನೂ ಹುಟ್ಟದ ದೇಶದ ಹೆಸರನ್ನ ಇವರು ಅಂಗಡಿ ಬೋರ್ಡಿಗೆ ಹಾಕಿದ್ದರು.

1924 ರಲ್ಲಿ ಊರಿನಿಂದ ಕರೆ ಬಂತು. ಮಿನಾಹಾಸಾ ರಾಡ್ ಅಂತ ಒಂದು ಪ್ರಾಂತೀಯ ಮಂಡಳಿ ಇತ್ತು, ಅದರ ಸೆಕ್ರೆಟರಿ ಕೆಲಸ. ಕೇಳೋಕೆ ದೊಡ್ಡದಲ್ಲ. ಮಂಡಳಿಯ ಅಧ್ಯಕ್ಷಗಿರಿ ಡಚ್ ಅಧಿಕಾರಿಗೆ, ಸೆಕ್ರೆಟರಿಗೆ ಫೈಲು, ಬಜೆಟ್, ಪತ್ರವ್ಯವಹಾರ. ಜ್ಯೂರಿಕ್‌ನ ಡಾಕ್ಟರೇಟ್ ಹಿಡಿದುಕೊಂಡು ಈ ಕುರ್ಚಿಗೆ ಬರೋದು ಕೆಳಗಿಳಿದ ಹಾಗಲ್ವಾ ಅಂತ ನಮಗೆ ಅನ್ನಿಸಬಹುದು. ಆದರೆ ಯಾವ ಅರ್ಜಿ ಯಾರ ಟೇಬಲ್‌ಗೆ ಹೋಗುತ್ತೆ, ಯಾವ ಖರ್ಚಿಗೆ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದು ಗೊತ್ತಿರುವವನೇ ಮಂಡಳಿಯಲ್ಲಿ ಕೆಲಸ ಮಾಡಿಸಬಲ್ಲ.

1927 ರವರೆಗೆ ಅವರು ಆ ಕುರ್ಚಿಯಲ್ಲಿದ್ದು ಮೂರು ಕೆಲಸಗಳ ಹಿಂದೆ ಬಿದ್ದರು. ಮೊದಲನೇದು, ಭೂಮಿ ಸಾಲದ ರೈತರಿಗೆ ದಕ್ಷಿಣ ಮಿನಾಹಾಸಾದಲ್ಲಿ ಹೊಸ ಜಮೀನು ತೆರೆದುಕೊಡೋದು. ಎರಡನೇದು, ದುಡ್ಡಿಲ್ಲದ ಹುಡುಗರು ಹೊರಗೆ ಹೋಗಿ ಓದೋಕೆ ಒಂದು ವಿದ್ಯಾರ್ಥಿ ನಿಧಿ. ತಾಯಿ ಬಿಟ್ಟುಹೋದ ಆಸ್ತಿಯಿಂದ ಓದಿದವರಿಗೆ, ಆಸ್ತಿ ಇಲ್ಲದ ಮನೆಯ ಮಕ್ಕಳು ಏನು ಮಾಡಬೇಕು ಅನ್ನೋ ಪ್ರಶ್ನೆ ಹೊಳೆಯದೇ ಇರುತ್ತಾ? ಮೂರನೇದು, ಬಿಟ್ಟಿ ಚಾಕರಿ ನಿಲ್ಲಿಸೋದು. ಡಚ್ ಭಾಷೆಯಲ್ಲಿ ಹೇರೆನ್‌ಡಿನ್‌ಸ್ಟೆನ್ ಅಂತಿದ್ದ ಈ ಪದ್ಧತಿಯಲ್ಲಿ ಹಳ್ಳಿಯ ಗಂಡಸರು ವರ್ಷಕ್ಕೆ ಇಷ್ಟು ದಿನ ಅಂತ ಕೂಲಿ ಇಲ್ಲದೆ ಸರ್ಕಾರದ ರಸ್ತೆ, ಸೇತುವೆ ಕೆಲಸ ಮಾಡಬೇಕಿತ್ತು. ಅದನ್ನ ತೆಗೆಯಬೇಕು ಅಂತ ಅವರು ಹೋರಾಡಿದರು, ಮಿನಾಹಾಸಾದಲ್ಲಿ ಅದು ರದ್ದೂ ಆಯ್ತು.

1927 ರಲ್ಲಿ ಅದೇ ತುಂಬೆಲಾಕಾ ಜೊತೆ ಸೇರಿ ಪೆರ್ಸಾತುವಾನ್ ಮಿನಾಹಾಸಾ ಅನ್ನೋ ಪಕ್ಷ ಕಟ್ಟಿದರು. ಮಿನಾಹಾಸಾ ಒಕ್ಕೂಟ ಅಂತ ಅರ್ಥ. ಹೆಸರು ಕೇಳಿದರೆ ತಮ್ಮ ಊರಿನದ್ದಷ್ಟೇ ನೋಡಿಕೊಳ್ಳೋ ಪಕ್ಷ ಅನ್ನಿಸುತ್ತೆ. ಆದರೆ ರಾತುಲಾಂಗಿ ಅವರ ಲೆಕ್ಕ ಬೇರೆ. ಮಿನಾಹಾಸಾದ ಜನಕ್ಕೆ ಮೊದಲು ತಾವು ಡಚ್ಚರ ಬಾಲ ಅಲ್ಲ, ಸ್ವಂತ ಬೇರಿರುವವರು ಅಂತ ಅನ್ನಿಸಬೇಕು. ಹಾಗೆ ಅನ್ನಿಸಿದವರೇ ಜಾವಾದವರ, ಸುಮಾತ್ರಾದವರ ಪಕ್ಕ ಸಮವಾಗಿ ನಿಂತು ದೊಡ್ಡ ದೇಶಕ್ಕೆ ಸೇರೋಕೆ ಸಾಧ್ಯ. ಹನ್ನೆರಡನೇ ಪ್ರಾಂತ್ಯದ ಕನಸಿಗೆ ಅವರು ಕೊಟ್ಟ ಉತ್ತರ ಇದು.

ಮಾತಾಡಬಹುದು, ಆದರೆ ಅಷ್ಟೇ

ಅದೇ 1927 ರಲ್ಲಿ ಅವರು ಫೋಲ್ಕ್ಸ್‌ರಾಡ್‌ಗೆ, ಅಂದ್ರೆ ಜನರ ಪರಿಷತ್ತಿಗೆ ಹೋದರು. ಬಟಾವಿಯಾದಲ್ಲಿದ್ದ ಈ ಸಭೆ 1918 ರಲ್ಲಿ ಶುರುವಾಗಿದ್ದು. ಹೆಸರಲ್ಲಿ ಜನ ಇದ್ದರೂ ನಿಜವಾದ ಅಧಿಕಾರ ಗವರ್ನರ್ ಜನರಲ್ ಮತ್ತು ಹಾಲೆಂಡಿನ ಕೈಯಲ್ಲಿ. ಇಲ್ಲಿ ಕೂತು ಏನು ಉಪಯೋಗ ಅಂತ ಸುಕಾರ್ನೊ ಥರದ ನಾಯಕರು ಹೊರಗೇ ಉಳಿದರು. ಬ್ರಿಟಿಷ್ ಕಾಲದ ನಮ್ಮ ಶಾಸನಸಭೆಗಳಿಗೆ ಹೋಗಬೇಕಾ ಬೇಡವಾ ಅಂತ ಇಲ್ಲೂ ಜಗಳ ಆಗಿತ್ತಲ್ಲ, ಅದೇ ಪ್ರಶ್ನೆ.

ರಾತುಲಾಂಗಿ ಒಳಗೆ ಹೋಗುವವರ ಕಡೆ. ಹತ್ತು ವರ್ಷ ಅಲ್ಲಿದ್ದರು. ಸಂಬಳದ ತಾರತಮ್ಯ, ಆಡಳಿತದ ತಪ್ಪುಗಳನ್ನ ಎತ್ತಿ ಹಿಡಿದರು. ಇದರ ಜೊತೆಗೆ 1932 ರಲ್ಲಿ ಇಂಡೋನೇಷ್ಯಾದ ಪದವೀಧರರ ಸಂಘ ಕಟ್ಟೋದರಲ್ಲೂ ಅವರ ಕೈ ಇತ್ತು.

ಅಲ್ಲಿನ ದೊಡ್ಡ ಪ್ರಯತ್ನ ನಡೆದದ್ದು 1936 ರಲ್ಲಿ. ಸುತಾರ್ಜೊ ಕಾರ್ತೊಹಾದಿಕುಸುಮೊ ಅನ್ನೋ ಸದಸ್ಯರು, ಅವರೂ ಸರ್ಕಾರಿ ನೌಕರಿಯಿಂದ ಬಂದವರೇ, ಒಂದು ಮನವಿ ತಂದರು. ಅದರಲ್ಲಿ ಬಂಡಾಯದ ಮಾತೇನೂ ಇರಲಿಲ್ಲ. ಹಾಲೆಂಡಿನ ಸಂವಿಧಾನದ ಒಳಗೇ ಹತ್ತು ವರ್ಷದಲ್ಲಿ ಹಂತ ಹಂತವಾಗಿ ಸ್ವಯಮಾಡಳಿತ ಕೊಡೋದು ಹೇಗೆ ಅಂತ ಚರ್ಚಿಸೋಕೆ ಒಂದು ಸಮ್ಮೇಳನ ಕರೆಯಿರಿ ಅನ್ನೋದಷ್ಟೇ. ಸಹಿ ಹಾಕಿದ ಕೆಲವೇ ಜನರಲ್ಲಿ ರಾತುಲಾಂಗಿ ಒಬ್ಬರು. 26 ಪರ, 20 ವಿರುದ್ಧ ಮತಗಳಿಂದ ಮನವಿ ಪಾಸ್ ಆಯ್ತು. ಹಾಲೆಂಡ್ ಎರಡು ವರ್ಷ ಸುಮ್ಮನಿದ್ದು, 1938 ರ ನವೆಂಬರ್‌ನಲ್ಲಿ ಆಗಲ್ಲ ಅಂದಿತು. ಇಷ್ಟು ಮೆತ್ತಗೆ ಕೇಳಿದ್ದಕ್ಕೂ ಇಲ್ಲ ಅಂದ ಮೇಲೆ, ಕೇಳಿಕೊಂಡು ಪಡೆಯೋ ದಾರಿ ಮುಚ್ಚಿತು ಅಂತ ತುಂಬಾ ಜನಕ್ಕೆ ಖಾತ್ರಿಯಾಯ್ತು.

ಜೈಲು, ಪುಸ್ತಕ, ಪತ್ರಿಕೆ

ಅಷ್ಟರಲ್ಲಿ ಸರ್ಕಾರ ಅವರ ಬೆನ್ನು ಹತ್ತಿತ್ತು. ಪ್ರಯಾಣ ಭತ್ಯೆಯ ಲೆಕ್ಕ ಸರಿ ಇಲ್ಲ ಅಂತ ಕೇಸ್ ಹಾಕಿ, ಬಾಂಡುಂಗ್‌ನ ಸುಕಾಮಿಸ್ಕಿನ್ ಜೈಲಿನಲ್ಲಿ ಕೆಲವು ತಿಂಗಳು ಇಟ್ಟರು. ಕೆಲವು ವರ್ಷ ಮುಂಚೆ ಸುಕಾರ್ನೊ ಇದ್ದ ಜೈಲು ಅದೇ. ಇವರ ಬಾಯಿ ಮುಚ್ಚಿಸೋಕೆ ಮಾಡಿದ ಕೇಸ್ ಅದು ಅಂತ ಅವರ ಕಡೆಯವರು ನಂಬಿದ್ದರು. ಪರಿಷತ್ತಿನ ಸದಸ್ಯತ್ವ ಅಲ್ಲಿಗೆ ಮುಗಿಯಿತು.

1937 ರಲ್ಲೇ ಅವರ ಪುಸ್ತಕ ಬಂತು, ಡಚ್ ಭಾಷೆಯಲ್ಲಿ. ವಿಷಯ ಪೆಸಿಫಿಕ್ ಸಾಗರದಲ್ಲಿ ಇಂಡೋನೇಷ್ಯಾದ ಸ್ಥಾನ. ಮುಂದಿನ ದೊಡ್ಡ ಆಟ ಅಟ್ಲಾಂಟಿಕ್‌ನಲ್ಲಿ ಅಲ್ಲ, ಪೆಸಿಫಿಕ್ ಸುತ್ತ ನಡೆಯುತ್ತೆ. ಜಪಾನಿಗೆ ಕಚ್ಚಾವಸ್ತು ಬೇಕು, ಮಾರುಕಟ್ಟೆ ಬೇಕು. ಎರಡು ಮಹಾಸಾಗರಗಳ ನಡುವೆ ಎಣ್ಣೆ, ರಬ್ಬರ್ ಇಟ್ಟುಕೊಂಡು ಕೂತಿರೋ ಈ ದ್ವೀಪಗಳು ಸುಮ್ಮನೆ ನೋಡ್ತಾ ಇರೋಕಾಗಲ್ಲ ಅನ್ನೋದು ಅವರ ವಾದದ ತಿರುಳು. ಐದು ವರ್ಷದಲ್ಲಿ, 1942 ರ ಮಾರ್ಚ್‌ನಲ್ಲಿ, ಜಪಾನ್ ಸೈನ್ಯ ಜಾವಾಕ್ಕೆ ಬಂದೇಬಿಟ್ಟಿತು.

ನಡುವೆ 1938 ರಿಂದ ನ್ಯಾಶನಾಲೆ ಕೊಮೆಂಟಾರೆನ್ ಅನ್ನೋ ವಾರಪತ್ರಿಕೆ ನಡೆಸಿದರು. ಅದೂ ಡಚ್ ಭಾಷೆಯದೇ. ಆಳುವವರನ್ನ ಟೀಕೆ ಮಾಡೋಕೆ ಅವರದೇ ಭಾಷೆ ಯಾಕೆ? ಯಾಕಂದ್ರೆ ಓದಬೇಕಾದ ಅಧಿಕಾರಿಗಳು ಓದೋದು ಆ ಭಾಷೆಯಲ್ಲೇ.

ಸೈನ್ಯ ಇಲ್ಲದ ಗವರ್ನರ್

ಜಪಾನ್ ಆಡಳಿತದಲ್ಲಿ ಜಾವಾ ಭೂಸೇನೆಯ ಕೈಯಲ್ಲಿ, ಸುಲವೇಸಿ ನೌಕಾಸೇನೆಯ ಕೈಯಲ್ಲಿ ಇತ್ತು. 1944 ರಲ್ಲಿ ರಾತುಲಾಂಗಿ ಅವರನ್ನ ನೌಕಾ ಆಡಳಿತಕ್ಕೆ ಸಲಹೆಗಾರರಾಗಿ ದಕ್ಷಿಣ ಸುಲವೇಸಿಯ ಮಕಾಸರ್‌ಗೆ ಕಳಿಸಿದರು. ಮಕಾಸರ್ ಅವರ ಊರಲ್ಲ. ಭಾಷೆ ಬೇರೆ, ಧರ್ಮ ಬೇರೆ. ಉತ್ತರದ ಕ್ರೈಸ್ತ ಮಿನಾಹಾಸಾದವರು ದಕ್ಷಿಣದ ಮುಸ್ಲಿಂ ಬುಗಿಸ್ ಮತ್ತು ಮಕಾಸರ್ ಜನರ ನಡುವೆ ಬಂದಿದ್ದರು. ಆದರೂ ಅಲ್ಲಿನ ನಾಯಕರ ಜೊತೆ ಸೇರಿ ಸುದಾರಾ ಅನ್ನೋ ಸಂಘಟನೆ ಕಟ್ಟಿ ಸ್ವಾತಂತ್ರ್ಯಕ್ಕೆ ತಯಾರಿ ನಡೆಸಿದರು.

1945 ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯದ ಪೂರ್ವತಯಾರಿ ಸಮಿತಿಗೆ ಸುಲವೇಸಿಯ ಪ್ರತಿನಿಧಿಯಾಗಿ ಜಕಾರ್ತಾಗೆ ಹೋದರು. 17 ಆಗಸ್ಟ್‌ಗೆ ಸುಕಾರ್ನೊ ಮತ್ತು ಹಟ್ಟಾ ಸ್ವಾತಂತ್ರ್ಯ ಘೋಷಿಸಿದರು. 18 ಕ್ಕೆ ಸಂವಿಧಾನ. 19 ಕ್ಕೆ ದೇಶವನ್ನ ಎಂಟು ಪ್ರಾಂತ್ಯಗಳಾಗಿ ಮಾಡಿದರು. ಸುಲವೇಸಿಯ ಮೊದಲ ಗವರ್ನರ್ ಆಗಿ ರಾತುಲಾಂಗಿ ಆಯ್ಕೆಯಾದರು.

ಹುದ್ದೆ ದೊಡ್ಡದು, ಆದರೆ ಕೈಯಲ್ಲಿ ಏನಿತ್ತು? ಸೈನ್ಯ ಇಲ್ಲ, ಖಜಾನೆ ಇಲ್ಲ. ಸೆಪ್ಟೆಂಬರ್‌ನಲ್ಲಿ ಮಿತ್ರಪಡೆಯ ಆಸ್ಟ್ರೇಲಿಯನ್ ಸೈನಿಕರು ಮಕಾಸರ್‌ಗೆ ಬಂದಿಳಿದರು, ಅವರ ಜೊತೆಗೇ ಡಚ್ ಅಧಿಕಾರಿಗಳೂ ವಾಪಸ್ ಬಂದರು. ಯುವಕರು ಈಗಲೇ ಬಂದೂಕು ಹಿಡಿಯೋಣ ಅಂದರು. ರಾತುಲಾಂಗಿ ಬೇಡ ಅಂದರು. ಜಪಾನನ್ನ ಸೋಲಿಸಿ ಬಂದಿರೋ ಸೈನ್ಯದ ಮುಂದೆ ಬರಿಗೈಯಲ್ಲಿ ಹೋದರೆ ಹುಡುಗರು ಸಾಯ್ತಾರೆ, ಅದರ ಬದಲು ಆಡಳಿತ ನಡೆಸಿ, ಜನ ನಮ್ಮ ಕಡೆ ಇದ್ದಾರೆ ಅಂತ ಜಗತ್ತಿಗೆ ತೋರಿಸೋಣ ಅನ್ನೋದು ಅವರ ನಿಲುವು. ಇದು ಹೇಡಿತನ ಅಂದ ಯುವಕರು ಆಗಲೂ ಇದ್ದರು. ಯಾರು ಸರಿ ಅನ್ನೋದು ಸುಲಭದ ಪ್ರಶ್ನೆ ಅಲ್ಲ.

ಅವರು ಮಾಡಿದ್ದು ಒಬ್ಬ ಸೆಕ್ರೆಟರಿ ಮಾಡುವಂಥ ಕೆಲಸ. ಜನರ ಸುರಕ್ಷತೆಗೆ ಅಂತ ಒಂದು ಕೇಂದ್ರ ತೆರೆದು, ಅದರ ಮೂಲಕ ಗಣರಾಜ್ಯದ ಆಡಳಿತ ನಡೆಸಿದರು. ದಕ್ಷಿಣ ಸುಲವೇಸಿಯ ರಾಜರುಗಳ ಬೆಂಬಲ ಪಡೆದರು. ಸುಲವೇಸಿ ಇಂಡೋನೇಷ್ಯಾದಿಂದ ಬೇರೆ ಆಗಲ್ಲ ಅಂತ ಒಂದು ಮನವಿ ಬರೆದು, ಅದಕ್ಕೆ 540 ಮುಖಂಡರ ಸಹಿ ಹಾಕಿಸಿ ವಿಶ್ವಸಂಸ್ಥೆಗೆ ಕಳಿಸಿದರು. ಫೋನಿಲ್ಲ, ಸರಿಯಾದ ರಸ್ತೆ ಇಲ್ಲ, ಸುತ್ತ ಡಚ್ ಗುಪ್ತಚರರು, ಅಂಥಾ ಕಾಲದಲ್ಲಿ 540 ಸಹಿ ಅಂದ್ರೆ ಎಷ್ಟು ಮನೆ ಬಾಗಿಲು ತಟ್ಟಿರಬೇಕು ಯೋಚಿಸಿ. ಸಹಿ ಹಾಕಿದ ಒಬ್ಬೊಬ್ಬರಿಗೂ ಅದು ಅಪಾಯವೇ.

ಅದೇ ಹೊತ್ತಲ್ಲಿ, 14 ಫೆಬ್ರವರಿ 1946 ರಂದು, ಉತ್ತರದಲ್ಲಿ ಅವರ ಸ್ವಂತ ಮಿನಾಹಾಸಾದಲ್ಲಿ ಒಂದು ಘಟನೆ ನಡೆಯಿತು. ಡಚ್ ಸೈನ್ಯದಲ್ಲಿದ್ದ ಅಲ್ಲಿನ ಸೈನಿಕರೇ ಬಂಡೆದ್ದು, ಮನಾಡೊದಲ್ಲಿ ಡಚ್ ಬಾವುಟದ ನೀಲಿ ಪಟ್ಟಿ ಹರಿದು ಕೆಂಪು ಬಿಳಿ ಮಾತ್ರ ಹಾರಿಸಿದರು. ಹನ್ನೆರಡನೇ ಪ್ರಾಂತ್ಯ ಅಂತ ಯಾರನ್ನ ಕರೀತಿದ್ರೋ ಅವರೇ! ಆ ಬಂಡಾಯ ಒಂದು ತಿಂಗಳೊಳಗೆ ಅಡಗಿತು, ಆದರೆ ಡಚ್ಚರ ನಂಬಿಕೆ ಒಡೆದಿತ್ತು.

5 ಏಪ್ರಿಲ್ 1946 ರಂದು ರಾತುಲಾಂಗಿ ಅವರನ್ನ ಬಂಧಿಸಿದರು. ಸುಮಾರು ಮೂರು ತಿಂಗಳು ಮಕಾಸರ್ ಜೈಲು. ಆಮೇಲೆ ಆರು ಜನ ಸಹೋದ್ಯೋಗಿಗಳು ಮತ್ತು ಕುಟುಂಬಗಳ ಜೊತೆ ಪಪುವಾದ ಉತ್ತರಕ್ಕಿರೋ ಯಾಪೆನ್ ದ್ವೀಪದ ಸೆರುಯಿ ಅನ್ನೋ ಪುಟ್ಟ ಊರಿಗೆ ಗಡಿಪಾರು.

ಸೆರುಯಿ, ಮತ್ತು ಇತ್ತ ಹುಟ್ಟಿದ ರಾಜ್ಯ

ಇಲ್ಲಿ ನಾನು ಮೊದಲು ಹೇಳಿದ ಪ್ರಶ್ನೆ ಬರುತ್ತೆ. ಅವರು ಸೆರುಯಿಯಲ್ಲಿದ್ದಾಗ, 1946 ರ ಡಿಸೆಂಬರ್‌ನಲ್ಲಿ, ಡಚ್ಚರು ಬಾಲಿಯ ಡೆನ್‌ಪಸಾರ್‌ನಲ್ಲಿ ಸಭೆ ಕರೆದು ಪೂರ್ವ ಇಂಡೋನೇಷ್ಯಾ ರಾಜ್ಯ ಅಂತ ಒಂದನ್ನ ಸೃಷ್ಟಿ ಮಾಡಿದರು. ಸುಲವೇಸಿ, ಬಾಲಿ, ಮಲುಕು ಎಲ್ಲ ಅದರಲ್ಲಿ. ರಾಜಧಾನಿ ಮಕಾಸರ್. ಬಾಲಿಯ ಸುಕಾವತಿ ಅಧ್ಯಕ್ಷರು, ಮಕಾಸರ್‌ನ ರಾಜಕಾರಣಿ ನಾಜಮುದ್ದೀನ್ ದೇಂಗ್ ಮಲೇವಾ ಮೊದಲ ಪ್ರಧಾನಿ. ಜಾವಾದವರು ನಿಮ್ಮನ್ನ ತುಳಿದುಬಿಡ್ತಾರೆ, ನಿಮ್ಮದೇ ರಾಜ್ಯ ಇರಲಿ ಅನ್ನೋದು ಇದರ ಹಿಂದಿನ ಮಾತು. ಅದೇ ತಿಂಗಳು ದಕ್ಷಿಣ ಸುಲವೇಸಿಯ ಹಳ್ಳಿಗಳಲ್ಲಿ ಕ್ಯಾಪ್ಟನ್ ವೆಸ್ಟರ್ಲಿಂಗ್‌ನ ಪಡೆ ಗಣರಾಜ್ಯದ ಪರ ಇದ್ದವರನ್ನ ವಿಚಾರಣೆ ಇಲ್ಲದೆ ಕೊಲ್ಲೋಕೆ ಶುರು ಮಾಡಿತು. ಸಾವಿರಾರು ಜನ ಸತ್ತರು. ಒಂದು ಕೈಯಲ್ಲಿ ಪ್ರಾದೇಶಿಕ ಸ್ವಾಯತ್ತತೆ, ಇನ್ನೊಂದು ಕೈಯಲ್ಲಿ ಬಂದೂಕು.

ಪ್ರಾದೇಶಿಕ ಪಕ್ಷ ಕಟ್ಟಿದ್ದ, ಯೂರೋಪಿನ ಡಾಕ್ಟರೇಟ್ ಇದ್ದ, ಡಚ್ ಭಾಷೆ ನೀರು ಕುಡಿದ ಹಾಗೆ ಬರ್ತಿದ್ದ ರಾತುಲಾಂಗಿ ಬೇರೆ ಆಯ್ಕೆ ಮಾಡಿದ್ದರೆ, ಅಂಥಾ ರಾಜ್ಯದಲ್ಲಿ ಜಾಗ ಸಿಗದೇ ಇರ್ತಿತ್ತಾ? ಆದರೆ ಅವರಿಗೆ ಪ್ರದೇಶ ಅಂದ್ರೆ ಬೇರೆಯವರು ಗೆರೆ ಎಳೆದು ಕೊಡೋ ತುಂಡು ಅಲ್ಲ. ರೈಲ್ವೆಯಲ್ಲಿ ಎರಡು ಸಂಬಳ ಕೊಟ್ಟ ವ್ಯವಸ್ಥೆಯೇ ಈಗ ಎರಡು ದೇಶ ಕೊಡ್ತಿದೆ, ಜನರನ್ನ ಬೇರೆ ಬೇರೆ ಡಬ್ಬಿಗೆ ಹಾಕಿ ಆಳೋದೇ ಅದರ ಅಭ್ಯಾಸ. ನನಗೆ ಅರ್ಥ ಆದ ಮಟ್ಟಿಗೆ ಅವರ ಲೆಕ್ಕ ಇದು.

ಸೆರುಯಿಯಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಜೊತೆಗಿದ್ದವರೆಲ್ಲ ಸೇರಿ ಅಲ್ಲಿನ ಜನರಿಗೆ ಓದು ಬರಹ ಕಲಿಸಿದರು, ಇಂಡೋನೇಷ್ಯಾ ಅಂದ್ರೆ ಏನು ಅಂತ ಹೇಳಿದರು. ಸಿಲಾಸ್ ಪಪಾರೆ ಅನ್ನೋ ಪಪುವಾದ ನಾಯಕರನ್ನೂ ಡಚ್ಚರು ಸೆರುಯಿಯಲ್ಲೇ ಇಟ್ಟಿದ್ದರು. ಇಬ್ಬರ ಒಡನಾಟದ ನಂತರ ಪಪಾರೆ 1946 ರ ನವೆಂಬರ್‌ನಲ್ಲಿ ಸ್ವಾತಂತ್ರ್ಯದ ಪಕ್ಷವೊಂದನ್ನ ಕಟ್ಟಿದರು. ಗಡಿಪಾರು ಮಾಡಿದ್ದು ಮಾತು ಹರಡಬಾರದು ಅಂತ, ಆದರೆ ಮಾತು ಪಪುವಾಗೂ ಹೋಯ್ತು.

ಕೊನೆಯ ವರ್ಷ

1948 ರ ಜನವರಿಯಲ್ಲಿ ಡಚ್ಚರು ಮತ್ತು ಗಣರಾಜ್ಯದ ನಡುವೆ ರೆನ್‌ವಿಲ್ ಒಪ್ಪಂದ ಆಯ್ತು. ಅದರಂತೆ ಮಾರ್ಚ್‌ನಲ್ಲಿ ಅವರಿಗೆ ಬಿಡುಗಡೆ. ಆಗಿನ ಗಣರಾಜ್ಯದ ರಾಜಧಾನಿ ಯೋಗ್ಯಕರ್ತಾಗೆ ಬಂದು ಸರ್ಕಾರದ ಸಲಹೆಗಾರರಾದರು. ಮೂವತ್ತು ವರ್ಷ ಹಿಂದೆ ಗಣಿತ ಕಲಿಸೋಕೆ ಬಂದಿದ್ದ ಊರು ಅದೇ.

19 ಡಿಸೆಂಬರ್ 1948 ರಂದು ಡಚ್ಚರು ಒಪ್ಪಂದ ಮುರಿದು ಯೋಗ್ಯಕರ್ತಾ ಮೇಲೆ ದಾಳಿ ಮಾಡಿ ಸುಕಾರ್ನೊ, ಹಟ್ಟಾ ಸೇರಿ ನಾಯಕರನ್ನೆಲ್ಲ ಹಿಡಿದರು. ಇದನ್ನ ಖಂಡಿಸಿ ನೆಹರು ಅವರು 1949 ರ ಜನವರಿಯಲ್ಲಿ ದೆಹಲಿಯಲ್ಲಿ ಏಷ್ಯಾ ದೇಶಗಳ ಸಮ್ಮೇಳನ ಕರೆದರು. ರಾತುಲಾಂಗಿ ಅವರನ್ನೂ ಬಂಧಿಸಿ ಜಕಾರ್ತಾಗೆ ತಂದರು. ಆರೋಗ್ಯ ಆಗಲೇ ಕೆಟ್ಟಿದ್ದರಿಂದ ಮತ್ತೆ ಗಡಿಪಾರು ಮಾಡದೆ ಅಲ್ಲೇ ಕಾವಲಿನಲ್ಲಿ ಇಟ್ಟರು. 30 ಜೂನ್ 1949 ರಂದು ಅವರು ತೀರಿಕೊಂಡರು. 58 ವರ್ಷ. ಹಾಲೆಂಡ್ ಅಧಿಕಾರ ಬಿಟ್ಟುಕೊಟ್ಟಿದ್ದು 27 ಡಿಸೆಂಬರ್ 1949 ಕ್ಕೆ. ಇನ್ನು ಆರು ತಿಂಗಳು ಇದ್ದಿದ್ದರೆ ಸಾಕಿತ್ತು.

ಆಗಸ್ಟ್‌ನಲ್ಲಿ ಅವರ ದೇಹವನ್ನ ತೊಂಡಾನೊಗೆ ತಂದು ಮಣ್ಣು ಮಾಡಿದರು. ಪೂರ್ವ ಇಂಡೋನೇಷ್ಯಾ ರಾಜ್ಯ 1950 ರಲ್ಲಿ ಕರಗಿ ಒಂದೇ ಗಣರಾಜ್ಯದಲ್ಲಿ ಸೇರಿಹೋಯ್ತು. 1961 ರಲ್ಲಿ ಸರ್ಕಾರ ರಾತುಲಾಂಗಿ ಅವರನ್ನ ರಾಷ್ಟ್ರೀಯ ವೀರ ಅಂತ ಘೋಷಿಸಿತು. ಮನಾಡೊದ ಯೂನಿವರ್ಸಿಟಿಗೂ ಏರ್‌ಪೋರ್ಟಿಗೂ ಅವರದೇ ಹೆಸರು. ಮನುಷ್ಯ ಬದುಕೋದು ಬೇರೆಯವರನ್ನ ಮನುಷ್ಯರನ್ನಾಗಿ ಮಾಡೋಕೆ ಅನ್ನೋ ಅರ್ಥದ ಮಿನಾಹಾಸಾದ ಮಾತೊಂದನ್ನ ಅಲ್ಲಿನ ಜನ ಅವರ ಹೆಸರಿನ ಜೊತೆಗೇ ಹೇಳ್ತಾರೆ.

ಆದರೆ ಕಥೆ ಅಲ್ಲಿಗೆ ಸುಖಾಂತ್ಯ ಆಗಲಿಲ್ಲ. 1957 ರಲ್ಲಿ ಕೇಂದ್ರ ಸರ್ಕಾರ ಎಲ್ಲ ದುಡ್ಡನ್ನೂ ಅಧಿಕಾರವನ್ನೂ ಜಾವಾದಲ್ಲೇ ಇಟ್ಟುಕೊಂಡಿದೆ ಅಂತ ಸುಲವೇಸಿಯಲ್ಲಿ ಪೆರ್ಮೆಸ್ತಾ ಅನ್ನೋ ಬಂಡಾಯ ಎದ್ದಿತು. ಅದು ಕೊನೆಗೆ ಗಟ್ಟಿಯಾಗಿ ನಿಂತಿದ್ದು ಇದೇ ಮಿನಾಹಾಸಾದಲ್ಲಿ. ಪ್ರದೇಶಗಳಿಗೆ ನಿಜವಾದ ಅಧಿಕಾರ ಕೊಡೋ ಕಾನೂನು ಬಂದಿದ್ದು 1999 ರಲ್ಲಿ. ಅಂದ್ರೆ ದೇಶ ಒಂದಾಗಿರಬೇಕು, ಪ್ರದೇಶಕ್ಕೂ ಅದರ ಮರ್ಯಾದೆ ಸಿಗಬೇಕು ಅನ್ನೋ ರಾತುಲಾಂಗಿ ಅವರ ಎರಡು ಮಾತಲ್ಲಿ, ಮೊದಲನೇದನ್ನ ಕೇಳಿಸಿಕೊಂಡ ಜಕಾರ್ತಾಗೆ ಎರಡನೇದು ಕೇಳಿಸೋಕೆ ಐವತ್ತು ವರ್ಷ ಬೇಕಾಯ್ತು.

ಊರಿನ ಮೇಲೆ ಪ್ರೀತಿ ಇರುವವರನ್ನ ಸಂಕುಚಿತ ಅಂತ ಬೈಯೋರೂ ಇದ್ದಾರೆ, ಆ ಪ್ರೀತಿಯನ್ನೇ ಬೇರೆಯವರ ಮೇಲೆ ದ್ವೇಷ ಮಾಡಿಕೊಳ್ಳೋರೂ ಇದ್ದಾರೆ. ಕನ್ನಡ ಸಂಘದಲ್ಲಿ ಇರೋ ನಮಗೆ ಎರಡೂ ಗೊತ್ತಿರೋದೇ. ಈ ಗಣಿತದ ಮೇಷ್ಟ್ರು ಎರಡೂ ಕಡೆ ಹೋಗಲಿಲ್ಲ. ಊರಿಗೆ ಮಾಡಿದ್ದು ಏನು ಅಂತ ನೋಡಿದರೆ ಸಿಗೋದು ರೈತರ ಜಮೀನು, ಬಡ ಹುಡುಗರ ಸ್ಕಾಲರ್‌ಶಿಪ್, ನಿಂತುಹೋದ ಬಿಟ್ಟಿ ಚಾಕರಿ. ದೇಶಕ್ಕೆ ಮಾಡಿದ್ದು ಏನು ಅಂತ ನೋಡಿದರೆ 540 ಸಹಿ ಇರೋ ಒಂದು ಕಾಗದ. ಮುಂದಿನ ಸಲ ಯಾರಾದ್ರೂ ಆ ಹಸಿರು ನೋಟು ತೋರಿಸಿದರೆ, ಅದರ ಮೇಲಿರೋದು ಯಾರು ಅಂತ ಅವರಿಗೂ ಹೇಳಿ.